ಖಾಲಿ ಬಿಟ್ಟ ಪಾಸ್‌ವರ್ಡ್

ನಮ್ಮ ಊರಿಗೆ ಹೆಸರಿಲ್ಲ. ಪ್ರಯೋಗ ಮುಗಿದ ಮೇಲೆ ಇಟ್ಟರಾಯಿತು ಎಂದುಕೊಂಡವರು ಆಮೇಲೆ ಮರೆತುಬಿಟ್ಟರು. ಹೊಳೆಯ ಮೇಲ್ಭಾಗದಲ್ಲಿ ಎಲ್ಲೋ ಇರುವ ನಿಜವಾದ ಊರಿಗೆ ಏನು ಹೋಗಬೇಕಿದ್ದರೂ ಅದು ಮೊದಲು ನಮ್ಮಲ್ಲಿಗೆ ಬರುತ್ತದೆ. ಹೊಸ ನಮೂನೆಯ ಕೊಡೆ ಬಂದಿತ್ತು. ಹೊಸ ನಮೂನೆಯ ಬೀದಿದೀಪ ಬಂದಿತ್ತು. ಒಂದು ಚಳಿಗಾಲ ಹೊಸ ನಮೂನೆಯ ಮಂಜು ಕೂಡ ಬಂದಿತ್ತು. ಅದು ಮೊಣಕಾಲಿನಿಂದ ಮೇಲೆ ಏರಲೇ ಇಲ್ಲ. ನಾವು ಹಾಲಿನಲ್ಲಿ ನಡೆದವರಂತೆ ಕೆಲವು ದಿನ ಓಡಾಡಿದೆವು, ನಂತರ ಅದನ್ನು ಹಿಂದಕ್ಕೆ ಕರೆಸಿಕೊಂಡರು.

ಜಾಲವೂ ಹಾಗೆಯೇ ಬಂದದ್ದು. ಮನೆಮನೆಗೆ ತಂತಿ ಎಳೆದು, ಗೋಡೆಯ ಗೂಡಿನಲ್ಲಿ ಒಂದೊಂದು ಬೂದುಬಣ್ಣದ ಪೆಟ್ಟಿಗೆ ಕೂರಿಸಿ, ಇದರಲ್ಲಿ ಏನಾದರೂ ತುಂಬಿ, ಸರಿಯಾಗಿ ಸಾಗುತ್ತದೆಯೋ ನೋಡಬೇಕು ಎಂದರು. ತುಂಬಲು ನಮ್ಮ ಹತ್ತಿರ ಏನಿತ್ತು? ಜನ ಅದರ ಮುಂದೆ ಕೂತು ಮಾತಾಡಿದರು. ಹಾಡಿದರು, ಜಗಳವಾಡಿದರು, ರೊಟ್ಟಿ ಬಡಿದರು, ಗೊರಕೆ ಹೊಡೆದರು. ಆ ಸದ್ದುಗಳೆಲ್ಲ ಫೈಲುಗಳಾಗಿ ಪೆಟ್ಟಿಗೆಯಲ್ಲಿ ಉಳಿದವು. ಅವನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಿ ನೋಡುವುದು ನನ್ನ ಕೆಲಸ. ಬೀದಿಯಲ್ಲಿ ನನ್ನನ್ನು ಸಾಗಣೆ ಕಸ್ತೂರಿ ಎನ್ನುತ್ತಿದ್ದರು.

ಪೆಟ್ಟಿಗೆಗೆ ಪಾಸ್‌ವರ್ಡ್ ಇಡಬಹುದಿತ್ತು. ಯಾರೂ ಇಡುತ್ತಿರಲಿಲ್ಲ. ಯಾವ ಮಾತನ್ನು ಪಾಸ್‌ವರ್ಡ್ ಮಾಡಿದರೋ ಆ ಮಾತು ಮತ್ತೆ ಆ ಮನೆಯೊಳಗೆ ಕೇಳಿಸುತ್ತಿರಲಿಲ್ಲ. ಇದು ಗೊತ್ತಾಗಿದ್ದು ಮೊದಲ ವರ್ಷ, ಕನ್ನಡ ಶಾಲೆಯ ಮಾಸ್ತರರೊಬ್ಬರು ತಮ್ಮ ಪೆಟ್ಟಿಗೆಗೆ ‘ಉಪ್ಪು’ ಎಂದು ಇಟ್ಟಾಗ. ಅಂದಿನಿಂದ ಊಟಕ್ಕೆ ಕೂತು ಅವರು ಬಾಯಿ ತೆರೆದರೆ ಬರೀ ಉಸಿರು. ಪೆಟ್ಟಿಗೆಯ ಹಳೆಯ ಫೈಲುಗಳಲ್ಲೂ ಆ ಮಾತಿದ್ದ ಜಾಗದಲ್ಲಿ ಹಲ್ಲು ಬಿದ್ದಂಥ ಸಂದು. ಪಾಸ್‌ವರ್ಡ್ ತೆಗೆದುಹಾಕಿದರೂ ಮಾತು ಮರಳಲಿಲ್ಲ. ಹೊಸ್ತಿಲು ದಾಟಿದರೆ ಮಾತ್ರ ಬರುತ್ತಿತ್ತು. ಹಾಗಾಗಿ ಮಾಸ್ತರರು ಎಂಜಲು ಕೈಯಲ್ಲೇ ಕಟ್ಟೆಗೆ ಬಂದು ‘ಉಪ್ಪು!’ ಎಂದು ಕೂಗಿ ಒಳಗೆ ಹೋಗಿ ಕೂರುತ್ತಿದ್ದರು. ಹೆಂಡತಿ ಕಿಟಕಿಯಿಂದ ತಲೆ ಹೊರಹಾಕಿ ಕೇಳಿಸಿಕೊಂಡು ಬಡಿಸುತ್ತಿದ್ದಳು. ಯಾರೂ ಆಡದ ಮಾತನ್ನು ಇಟ್ಟರೆ ಹೇಗೆ ಎಂದು ಕೆಲವರು ಅರ್ಥವಿಲ್ಲದ ಅಕ್ಷರ ಒತ್ತಿ ನೋಡಿದರು. ಆ ಮನೆಯಲ್ಲಿ ಒಮ್ಮೆಯೂ ಕೇಳಿಸದ ಮಾತನ್ನು ಪೆಟ್ಟಿಗೆ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಊರಿಗೆ ಊರೇ ಪಾಸ್‌ವರ್ಡ್ ಖಾಲಿ ಬಿಟ್ಟಿತ್ತು. ನಾನು ಮನೆಗೆ ಹೋಗುತ್ತಿದ್ದೆ, ಸಾಗಣೆಯ ಪ್ರೋಗ್ರಾಂ ಪಾಸ್‌ವರ್ಡ್ ಕೇಳುತ್ತಿತ್ತು, ಮನೆಯವರು ಬಂದು ಏನೂ ಬರೆಯದೆ ಎಂಟರ್ ಒತ್ತುತ್ತಿದ್ದರು, ಪೆಟ್ಟಿಗೆ ತೆರೆಯುತ್ತಿತ್ತು. ಒತ್ತುವ ಬೆರಳು ಮಾತ್ರ ಆ ಮನೆಯವರದೇ ಆಗಬೇಕಿತ್ತು.

ಆಮೇಲೆ ಪ್ರಯೋಗ ಮುಗಿಯಿತು ಎಂದು ಆದೇಶ ಬಂತು. ಅಮಾವಾಸ್ಯೆಯ ದಿನ ಹೊತ್ತು ಮುಳುಗುವಾಗ ತಂತಿ ಸುತ್ತಿಕೊಂಡು ಹೋಗುತ್ತಾರೆ. ತಂತಿ ಇಲ್ಲದ ಪೆಟ್ಟಿಗೆ ಬರೀ ತಗಡು, ಒಳಗಿದ್ದದ್ದೆಲ್ಲ ಅಳಿದಂತೆ. ಅಷ್ಟರೊಳಗೆ ಎಲ್ಲ ಮನೆಗಳ ಸದ್ದನ್ನು ಊರ ಕಣಜಕ್ಕೆ, ಅಂದರೆ ತಂತಿಯಿಲ್ಲದೆಯೂ ಉಳಿಯುವ ಒಂದು ದೊಡ್ಡ ಪೆಟ್ಟಿಗೆಗೆ, ಸಾಗಿಸಬೇಕು, ಅಲ್ಲಿ ಹೋಗಿ ಯಾರು ಬೇಕಾದರೂ ತಮ್ಮದನ್ನು ಕೇಳಿಸಿಕೊಳ್ಳಬಹುದು. ಆದೇಶದ ಜೊತೆ ಸಾಗಣೆಯ ಪ್ರೋಗ್ರಾಂ ಹೊಸದು ಬಂತು. ಕಣಜ ಹಳೆಯದರ ಜೊತೆ ಮಾತಾಡುತ್ತಿರಲಿಲ್ಲ. ನಾನು ಮೊದಲ ಮನೆಯಲ್ಲಿ ಅದನ್ನು ನಡೆಸಿ ನೋಡಿ, ಓಡುತ್ತ ಕಚೇರಿಗೆ ಬಂದೆ. ನಮ್ಮ ಕಚೇರಿ ಎಂದರೆ ಅದರ ಮುಖ್ಯಸ್ಥೆ ಸುಲೋಚನಾ ಬಾಯಾರು ಮತ್ತು ನಾನು, ಎರಡೇ ಕುರ್ಚಿ.

“ಖಾಲಿ ಒತ್ತಿದ್ರ ಮತ್ತ ಕೇಳತೈತ್ರೀ ಬಾಯಾರ.”

“ಮತ್ತ ಖಾಲಿ ಒತ್ತು.”

“ಮತ್ತ ಕೇಳತೈತಿ.”

“ಎಲ್ಲೀತನಕ?”

“ಅದಕ್ಕ ಬ್ಯಾಸರ ಆಗೂತನಕ. ಆಮ್ಯಾಲ ತಾನಾಗೇ ಮುಚಗೊಂಡು ಹೋಗತೈತಿ.”

ಬಾಯಾರು ಕನ್ನಡಕ ಹಣೆಗೆ ಏರಿಸಿ ಮೇಲಿನವರು ಕಳಿಸಿದ ಸೂಚನೆ ಓದಿದರು. “ಖಾಲಿ ಅಂದ್ರ ಬರಿಯೋದು ಮರತಾರ ಅಂತ ತಿಳಕೋತದಂತ. ಮರತವರಿಗೆ ನೆನಪು ಮಾಡಿಕೊಡ್ಲಿಕ್ಕೆ ಮತ್ತ ಮತ್ತ ಕೇಳ್ತದಂತ. ಆ ಊರಾಗ ಬರೇ ಮರಗುಳಿ ಮಂದಿ ಇದ್ದಂಗ ಕಾಣ್ತದ.”

“ಖಾಲಿ ಕೊಡೂದು ಬ್ಯಾರೆ, ಏನೂ ಕೊಡದಿರೂದು ಬ್ಯಾರೆ ಅಲ್ರೀ?”

“ನನಗ ಗೊತ್ತದ, ನಿನಗ ಗೊತ್ತದ. ಅದಕ್ಕ ಹ್ಯಾಂಗ ತಿಳೀಬೇಕು?” ಎಂದು ಅವರು ಕನ್ನಡಕ ಇಳಿಸಿದರು. “ಹೋಗು, ಮನಿಗೊಂದು ಮಾತು ಇಸಗೊಂಡು ಬಾ. ಒಂದು ಮಾತು ಹೋದ್ರ ಯಾರ ಗಂಟೂ ಹೋಗಂಗಿಲ್ಲ.”

ಹೀಗೆ ನಾನು ಬೀದಿ ಬೀದಿ ಅಲೆದು ಮಾತು ಕೇಳಿದೆ. ಜನ ಮೊದಲು ಬೈದರು, ಆಮೇಲೆ ಮನೆಯ ಮೂಲೆಯಲ್ಲಿ ಬಿದ್ದ ಹಳೆಯ ಪಾತ್ರೆ ಹುಡುಕುವವರಂತೆ ಮಾತು ಹುಡುಕಿದರು. ನಮ್ಮ ಎದುರು ಮನೆಯ ಹುಸೇನಬಿ ‘ಹಾಗಲಕಾಯಿ’ ಕೊಟ್ಟಳು. ಅವಳ ಮಕ್ಕಳು ಕುಣಿದಾಡಿದರು. “ಹೆಸರು ಹೋತು, ಕಹಿ ಎಲ್ಲಿ ಹೋಗತೈತಿ, ಸಂಜೀಕ ಅದನ್ನೇ ಮಾಡ್ತೀನಿ” ಎಂದು ಅವಳು ಬೀದಿಗೆ ಬಂದು ಹೇಳಿದಳು. ಹೊಸದಾಗಿ ಮದುವೆಯಾದ ಜೋಡಿಯೊಂದು ‘ಸುಮ್ನಿರು’ ಕೊಟ್ಟಿತು. ಆ ಮನೆಯಲ್ಲಿ ಈಗ ಜಗಳ ಶುರುವಾದರೆ ನಿಲ್ಲಿಸಲು ಇಬ್ಬರೂ ಹೊರಗೆ ಬರಬೇಕು. ನಮ್ಮ ಮನೆಯಲ್ಲಿ ಅವ್ವ ಕಾಳು ಆರಿಸುತ್ತಿದ್ದಳು. ಒಂದು ಮಾತು ಕೊಡವ್ವ ಎಂದರೆ “ನಾಳೆ ಕೊಡ್ತೀನಿ ಹೋಗ” ಎಂದಳು. ಓಡಾಡಿ ದಣಿದಿದ್ದ ನಾನು ಅವಳ ಬೆರಳು ಹಿಡಿದು ‘ನಾಳೆ’ಯನ್ನೇ ಒತ್ತಿಸಿದೆ. ಈಗ ನಮ್ಮಲ್ಲಿ ‘ಮುಂದಿನ ಮುಂಜಾನಿ’ ಎನ್ನುತ್ತೇವೆ. ಹಾಗೆ ಹೇಳಿದಾಗಲೆಲ್ಲ ಬೆಳಗು ಸ್ವಲ್ಪ ದೂರ ಸರಿದಂತೆ, ಆದರೆ ಹೆಚ್ಚು ಖಚಿತವಾಗಿ ಬರುವಂತೆ ಕಾಣುತ್ತದೆ.

ಅಮಾವಾಸ್ಯೆಯ ದಿನ ಉಳಿದಿದ್ದು ಒಂದೇ ಮನೆ, ಮಲ್ಹಾರಿಯದು.

ಮಲ್ಹಾರಿ ನಮ್ಮ ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುತ್ತಿದ್ದವನು. ನಮ್ಮ ಬಸ್ಸುಗಳಿಗೆ ಫಲಕವಿರಲಿಲ್ಲ, ಮಲ್ಹಾರಿ ಕೂಗಿದ ಕಡೆಗೆ ಹೋಗುತ್ತಿದ್ದವು. ಅವನ ದನಿ ಮೊದಲು ಹಿತ್ತಾಳೆಯ ಹಾಗೆ ಹೊಳೆದು, ಕೊನೆಗೆ ಹುರಿದ ಶೇಂಗಾದ ಹಾಗೆ ಒಡೆಯುತ್ತಿತ್ತು. ಹೋಗುವ ಕೆಲಸವಿಲ್ಲದವರೂ ಕೇಳುತ್ತ ಕೇಳುತ್ತ ಬಸ್ಸು ಹತ್ತಿದ್ದುಂಟು. ಹೋದ ಬೇಸಗೆಯಲ್ಲಿ ಗಂಟಲಿಗೆ ಗಡ್ಡೆಯಾಗಿ, ಕೊಯ್ದು ತೆಗೆದರು. ಗಡ್ಡೆಯ ಜೊತೆ ದನಿಯೂ ಹೋಯಿತು. ಈಗ ಅವನ ದನಿ ಇದ್ದದ್ದು ಗೂಡಿನ ಪೆಟ್ಟಿಗೆಯಲ್ಲಿ ಮಾತ್ರ. ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತ ಅವನು ಮನೆಯಲ್ಲೇ ಕೂಗಿ ಗಂಟಲು ಸರಿಮಾಡಿಕೊಳ್ಳುತ್ತಿದ್ದದ್ದೆಲ್ಲ ಅದರಲ್ಲಿತ್ತು.

ನಾನು ಹೋದಾಗ ಅವನ ಅಕ್ಕ ಅಂಬಕ್ಕ ಪಡಸಾಲೆಯ ತುಂಬ ಕೌದಿ ಹರವಿಕೊಂಡು ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ತುಂಡು ತುಂಡು ಬಣ್ಣದ ನಡುವೆ ಅವಳು ಹೊಲದ ನಡುವೆ ಕೂತವಳ ಹಾಗೆ ಕಾಣುತ್ತಿದ್ದಳು. ಮಲ್ಹಾರಿ ಪೆಟ್ಟಿಗೆಗೆ ಬೆನ್ನು ಆನಿಸಿ ಕೂತಿದ್ದ, ನಾನು ಅದನ್ನು ಕಿತ್ತುಕೊಂಡು ಹೋಗಲು ಬಂದವಳೇನೋ ಎಂಬಂತೆ.

“ಬಾ ತಂಗಿ,” ಎಂದಳು ಅಂಬಕ್ಕ. “ಮಾತು ಕೇಳಾಕ ಬಂದಿ ಹೌದಿಲ್ಲೋ? ಮುಂಜಾನಿಂದ ಇವನಿಗೆ ಹೇಳಿ ಸಾಕಾತು. ಒಂದು ಕೊಡೋ ಮಾರಾಯ, ಇಲ್ಲಂದ್ರ ಎಲ್ಲಾನೂ ಹೋಗತೈತಿ. ಕೊಡಂಗಿಲ್ಲ ಅಂತಾನ.”

ಮಲ್ಹಾರಿ ತಲೆಯಾಡಿಸಿದ.

“ಒಂದೇ ಒಂದು, ಮಲ್ಹಾರಿ ಅಣ್ಣಾ. ‘ಹಾಗಲಕಾಯಿ’ ಆದ್ರೂ ನಡೀತೈತಿ,” ಎಂದೆ.

ಅವನು ಎದ್ದು, ಪೆಟ್ಟಿಗೆಯ ಗುಂಡಿ ಒತ್ತಿ ಒಂದು ಫೈಲು ಹಚ್ಚಿದ. ಅವನ ಹಳೆಯ ದನಿ ಸಂತೆಗೆ ಹೋಗಿಬಂದ ಕಥೆ ಹೇಳುತ್ತಿತ್ತು: ಹಾಗಲಕಾಯಿ ಮಾರುವವಳ ಹತ್ತಿರ ಚೌಕಾಸಿ ಮಾಡಲು ಹೋಗಿ ಬೈಸಿಕೊಂಡದ್ದು, ಅವಳನ್ನು ಅಣಕಿಸಿದ್ದು, ನಡುನಡುವೆ ಅವನದೇ ಗಹಗಹ ನಗು. ಆ ಮಾತು ತೆಗೆದರೆ ಆ ಕಥೆಯೇ ಇರುತ್ತಿರಲಿಲ್ಲ. ಅವನು ಗುಂಡಿ ಆರಿಸಿ, ‘ಈಗ ಹೇಳು’ ಎನ್ನುವಂತೆ ಎರಡೂ ಕೈ ಚೆಲ್ಲಿದ.

“ನಮಗಾದ್ರ ಒಂದು ಮಾತು ಹೋದ್ರ ಇನ್ನೊಂದು ದಾರಿ ಹಿಡದು ಹೋಗ್ತೀವಿ,” ಎಂದಳು ಅಂಬಕ್ಕ, ಸೂಜಿಯಿಂದ ತಲೆ ಎತ್ತದೆ. “ಇವನದು ಇದ್ದಷ್ಟೇ. ಹೊಸಾದು ಹುಟ್ಟಂಗಿಲ್ಲ. ಅದಕ್ಕ ಅವನಿಗೆ ಏನೂ ಅನ್ನಾಕ ಬರಂಗಿಲ್ಲ ನನಗ. ಆದ್ರ ನಂದು ಕೊಡ್ತೀನಿ ಅಂದ್ರೂ ಕೇಳವಲ್ಲ. ‘ಕೌದಿ’ ಅನ್ನೂದು ಇವನು ಎಂದೂ ಅಂದಿಲ್ಲ, ಹಾಸಿಗಿ ಹಾಸಿಗಿ ಅಂತಾನ. ಅದನ್ನ ಒತ್ತು ತಂಗಿ, ನಾನು ಬೆರಳು ಕೊಡ್ತೀನಿ. ಕ…”

ಮಲ್ಹಾರಿ ಒಂದೇ ಹೆಜ್ಜೆಗೆ ಬಂದು ಅವಳ ಬಾಯಿಗೆ ಅಂಗೈ ಒತ್ತಿದ. ಒರಟಾಗಿ ಅಲ್ಲ, ಹಾರಿಹೋಗುವ ಹಕ್ಕಿಯನ್ನು ಮುಚ್ಚಿ ಹಿಡಿದ ಹಾಗೆ. ಆ ಮನೆಯಲ್ಲಿ ಈಗ ಜೀವಂತವಾಗಿ ಮಾತಾಡುವ ಬಾಯಿ ಅದೊಂದೇ. ಅದರಲ್ಲಿ ಸಂದು ಬೀಳುವುದು ಅವನಿಗೆ ಬೇಡವಾಗಿತ್ತು. ಅಂಬಕ್ಕನ ಕಣ್ಣು ತುಂಬಿ ಬಂತು. ಅವನ ಕೈ ಸರಿಸಿ, “ನನ್ನ ಸೂಜಿ ಚುಚ್ಚತಿತ್ತಲ್ಲೋ ಕೋಣಾ” ಎಂದಳು.

ಹೊರಗೆ ಮೇಲಿನ ಊರಿನ ಆಳುಗಳು ಬೀದಿಯ ಆ ತುದಿಯಿಂದ ತಂತಿ ಸುತ್ತುವ ದೊಡ್ಡ ಚಕ್ರಗಳನ್ನು ಉರುಳಿಸಿಕೊಂಡು ಬರುತ್ತಿದ್ದರು. ಬಿಸಿಲಲ್ಲಿ ಅವು ತಮ್ಮಷ್ಟಕ್ಕೇ ಉರುಳುವ ಹಾಗೆ, ಹಿಂದೆ ನಡೆಯುವವರು ಬರೀ ಅವುಗಳ ನೆರಳಿನ ಹಾಗೆ ಕಾಣುತ್ತಿದ್ದರು.

“ಉಣ್ಣು ಮೊದಲ,” ಎಂದು ಅಂಬಕ್ಕ ಕೌದಿ ಸರಿಸಿ ಎರಡು ತಾಟು ಇಟ್ಟಳು. ಸಜ್ಜೆ ರೊಟ್ಟಿ, ಹೆಸರುಕಾಳಿನ ಪಲ್ಯ, ಅಗಸಿ ಹಿಂಡಿ. ನನ್ನ ತಾಟು ಖಾಲಿಯಾಗುತ್ತಲೇ ಅವಳು ಇನ್ನೊಂದು ರೊಟ್ಟಿ ಹಾಕಿದಳು. ಬೇಡ ಎನ್ನುವಷ್ಟರಲ್ಲಿ ಮತ್ತೊಂದು ಮುರಿದು ಹಾಕಿದಳು. “ಖಾಲಿ ತಾಟು ಮುಂದಿಟಗೊಂಡು ಕುಂತೀ, ನಾ ಏನ ತಿಳಕೋಬೇಕು? ಕೇಳೋದು ನನ್ನ ಧರ್ಮ” ಎಂದಳು. ನಂತರ ತಮ್ಮನ ಕಡೆ ತಿರುಗಿದಳು. ಅವನ ತಾಟೂ ಖಾಲಿಯಾಗಿತ್ತು. ರೊಟ್ಟಿ ಹಿಡಿದ ಅವಳ ಕೈ ಮುಂದೆ ಬಂತು. ಮಲ್ಹಾರಿ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದ. ಅವಳು ಇನ್ನೊಂದು ಮಾತಿಲ್ಲದೆ ರೊಟ್ಟಿಯನ್ನು ಬುಟ್ಟಿಗೆ ಮರಳಿಸಿದಳು.

ನಾನು ಆ ಎರಡು ತಾಟುಗಳನ್ನು ನೋಡಿದೆ. ಎರಡೂ ಬರಿದಾಗಿದ್ದವು, ನನ್ನದು ಮತ್ತೆ ತುಂಬಿತ್ತು. ಅವನದರ ಮೇಲೆ ಕೈ ಇತ್ತು.

“ಅಂಬಕ್ಕಾ, ನಾ ಬಂದೆ,” ಎಂದು ಎದ್ದೆ.

“ಕೈ ತೊಳಕೊಳ್ಳೇ ಹುಚ್ಚಿ!” ಎಂದು ಅವಳು ಕೂಗುತ್ತಿದ್ದದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಕಚೇರಿಯಲ್ಲಿ ಬಾಯಾರು ಕುರ್ಚಿಗಳ ಮೇಲೆ ಬಟ್ಟೆ ಹೊದಿಸುತ್ತಿದ್ದರು. ನಾನು ಒಂದರ ಬಟ್ಟೆ ಎಳೆದು ಕೂತೆ. “ಬಾಯಾರ, ಇದರೊಳಗ ಉತ್ತರ ಇಡಾಕ ಒಂದೇ ಜಾಗ ಐತ್ರಿ. ಆ ಜಾಗ ಖಾಲಿ ಇದ್ರ ಉತ್ತರ ಬಂದಿಲ್ಲ ಅಂತ ತಿಳಕೊಂಡು ಮತ್ತ ಕೇಳತೈತಿ. ನಾವು ಇನ್ನೊಂದು ಸಣ್ಣ ಜಾಗ ಮಾಡೂಣು. ಉತ್ತರ ಏನು ಅಂತ ಅಲ್ಲ, ಉತ್ತರ ಬಂತೋ ಇಲ್ಲೋ ಅಂತ ಅಷ್ಟೇ ಅದರಾಗ ಇರಲಿ. ಬಂತು ಅಂತ ಇದ್ರ ಮತ್ತ ಕೇಳಬಾರದು. ಖಾಲಿ ಇದ್ರ ಖಾಲೀನ ಒಯ್ದು ಪೆಟ್ಟಿಗಿಗೆ ಕೊಡಬೇಕು.”

“ಮ್ಯಾಲಿನವರ ಪ್ರೋಗ್ರಾಂ ತಿದ್ದತೀಯೇನು?”

“ಹೂಂ.”

“ಕಡೀ ದಿನಾ? ಕೆಟ್ಟು ಕುಂತ್ರ?”

ನಾನು ಆಗಲೇ ಪ್ರೋಗ್ರಾಂ ತೆರೆದಿದ್ದೆ. ಬಾಯಾರು ಕಿಟಕಿಯಿಂದ ಚಕ್ರಗಳನ್ನು ನೋಡಿದರು. ಅವರಿಗೂ ಮಲ್ಹಾರಿಯ ಕೂಗು ಕೇಳಿ ಒಮ್ಮೆ ಬಸ್ಸು ಹತ್ತಿ, ಗುರುತಿಲ್ಲದ ಊರಲ್ಲಿ ಇಳಿದು, ಅಲ್ಲಿ ಒಂದು ಮಧ್ಯಾಹ್ನ ಬೆಂಚಿನ ಮೇಲೆ ಸುಮ್ಮನೆ ಕೂತುಬಂದ ನೆನಪಿತ್ತು ಎಂದು ಆಮೇಲೆ ಹೇಳಿದರು. “ಪ್ರಯೋಗದ ಊರಾಗ ಪ್ರಯೋಗ ಮಾಡ್ಲಿಲ್ಲಂದ್ರ ಎಲ್ಲಿ ಮಾಡೂದು,” ಎಂದು ಇನ್ನೊಂದು ಕುರ್ಚಿಯ ಬಟ್ಟೆಯನ್ನೂ ಎಳೆದರು.

ಕೆಲವೇ ಸಾಲು. ಮೊದಲು ತಿದ್ದಿದಾಗ ಅದು ಕೇಳುವುದನ್ನೇ ಬಿಟ್ಟಿತು. ನಾನು ಹೊಸ ಜಾಗದಲ್ಲಿ ಮೊದಲಿಂದಲೇ ‘ಬಂತು’ ಎಂದು ಇಟ್ಟುಬಿಟ್ಟಿದ್ದೆ. ಕಚೇರಿಯ ಪೆಟ್ಟಿಗೆಯ ಮುಂದೆ ಬಾಯಾರು ಬೆರಳು ಚಾಚುವಷ್ಟರಲ್ಲಿ ಅದು ತಾನೇ ಒಂದು ಖಾಲಿ ಉತ್ತರ ಕೊಟ್ಟುಕೊಂಡು ಹೋಗಿ ಪೆಟ್ಟಿಗೆಯಿಂದ ಬೈಸಿಕೊಂಡು ಬಂತು. “ನೋಡು, ಕೇಳದವರೂ ಬ್ಯಾಡ, ಕೇಳಿದ್ದೇ ಕೇಳವರೂ ಬ್ಯಾಡ,” ಎಂದರು ಬಾಯಾರು. “ಒಂದು ಸಲ ಕೇಳಿ ತಡೀಬೇಕು ಅಷ್ಟೇ. ಮನಶ್ಯಾರಿಗೇ ಬರಂಗಿಲ್ಲ ಅದು.” ಮತ್ತೆ ತಿದ್ದಿದೆ. ಈ ಸಲ ಅದು ಒಮ್ಮೆ ಕೇಳಿತು. ಬಾಯಾರು ಏನೂ ಬರೆಯದೆ ಎಂಟರ್ ಒತ್ತಿದರು. ಪೆಟ್ಟಿಗೆ ತೆರೆಯಿತು. ನಾವು ಪರಸ್ಪರ ಮುಖ ನೋಡಲಿಲ್ಲ, ನಕ್ಕರೆ ಅದು ಮತ್ತೆ ಮುಚ್ಚಿಕೊಂಡೀತು ಎಂಬ ಹೆದರಿಕೆ.

ಬೀದಿಯಲ್ಲಿ ಹುಸೇನಬಿ ನನ್ನನ್ನು ತಡೆದಳು. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಬಂದಿತ್ತು. “ಖಾಲಿ ತಗೋತೈತಂತಲ್ಲ ಈಗ? ಮತ್ತ ನನ್ನದು ಯಾಕ ಇಸಗೊಂಡಿ? ಹಾಗಲಕಾಯಿ! ಹಾಗಲಕಾಯಿ! ನೋಡು, ಇಲ್ಲಿ ನಿಂತು ಒದರಬೇಕು ಇನ್ನ ಮ್ಯಾಲೆ ನಾನು.”

“ಆಗ ತಿಳೀಲಿಲ್ರೀ ಹುಸೇನಬಿ.”

“ಹೋಗು ಹೋಗು, ಹೊತ್ತು ಮುಳಗತೈತಿ,” ಎಂದು ಅವಳೇ ನನ್ನ ಬೆನ್ನು ತಳ್ಳಿದಳು. “ಅವನದರೆ ಉಳಸು.”

ನಾನು ಮಲ್ಹಾರಿಯ ಮನೆಯೊಳಗೆ ಕಾಲಿಟ್ಟಾಗ ಅಕ್ಕತಮ್ಮ ಇಬ್ಬರೂ ಪೆಟ್ಟಿಗೆಯ ಮುಂದೆ ಕೂತು ಹಳೆಯ ಫೈಲುಗಳನ್ನು ಕೇಳುತ್ತಿದ್ದರು. ಕಡೆಯ ಸಲ ಎಂದು ಒಂದೊಂದನ್ನೇ ಕೇಳಿ ಮುಗಿಸುವವರ ಹಾಗಿತ್ತು ಅವರು ಕೂತ ರೀತಿ. ಬಾಗಿಲ ಹೊರಗೆ ಚಕ್ರ ಬಂದು ನಿಂತಿತು. ಒಬ್ಬ ಆಳು ಇಣುಕಿ, “ಆತೇನ್ರೀ?” ಎಂದ. ಅಂಬಕ್ಕ ಎದ್ದು ಹೋಗಿ ಹೊಸ್ತಿಲ ಮೇಲೆ ಕೌದಿ ಎಳೆದುಕೊಂಡು ಕೂತಳು. “ಈ ಅಂಚು ಮುಗಿಯೂ ಮಟ ಯಾರೂ ದಾಟಂಗಿಲ್ಲ,” ಎಂದಳು. ಅವಳು ದೊಡ್ಡ ದೊಡ್ಡ ಹೊಲಿಗೆ ಹಾಕುವುದನ್ನು ನಾನು ಮೊದಲ ಸಲ ನೋಡಿದೆ, ಆಮೇಲೆ ಅವು ದೊಡ್ಡವಲ್ಲ, ಒಂದೇ ಹೊಲಿಗೆಯನ್ನು ಹಾಕಿ ಹಾಕಿ ಬಿಚ್ಚುತ್ತಿದ್ದಾಳೆ ಎಂದು ತಿಳಿಯಿತು.

ನಾನು ಪ್ರೋಗ್ರಾಂ ನಡೆಸಿದೆ. ಅದು ಪಾಸ್‌ವರ್ಡ್ ಕೇಳಿತು. ಪೆಟ್ಟಿಗೆಯ ಕಪ್ಪು ತೆರೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ ಹೊಳೆದು ಆರಿ ಹೊಳೆದು ಆರುತ್ತಿತ್ತು.

“ಏನೂ ಬರೀಬ್ಯಾಡ ಮಲ್ಹಾರಿ ಅಣ್ಣಾ. ಬರೇ ಎಂಟರ್.”

ಅವನಿಗೆ ನಂಬಿಕೆಯಾಗಲಿಲ್ಲ. ಆ ವಾರ ನಾನು ಬಂದಾಗಲೆಲ್ಲ ಅವನು ಅದನ್ನೇ ಒತ್ತಿದ್ದ, ಅದು ಮತ್ತೆ ಮತ್ತೆ ಕೇಳಿತ್ತು. ಆದರೂ ಬೆರಳು ಮುಂದೆ ತಂದ. ಕಣ್ಣು ಮುಚ್ಚಿದ. ಒತ್ತಿದ.

ಗೆರೆ ನಿಂತಿತು. ಬಹಳ ಹೊತ್ತು ಏನೂ ಆಗಲಿಲ್ಲ. ಮತ್ತೆ ಕೇಳುತ್ತದೆ ಎಂದು ನಾನು ತುಟಿ ಕಚ್ಚಿಕೊಂಡೆ. ಅದು ಕೇಳಲಿಲ್ಲ. ಪೆಟ್ಟಿಗೆಯೊಳಗೆ ಎಲ್ಲೋ ಬಾವಿಯ ಗಡಗಡಿ ತಿರುಗಿದಂಥ ಸದ್ದಾಗಿ, ಫೈಲುಗಳು ಹೊರಡತೊಡಗಿದವು.

ಪರೀಕ್ಷೆಗೆಂದು ಮಾಡಿದ ಜಾಲದಲ್ಲಿ, ಸಾಗುವ ಫೈಲು ಸಾಗುತ್ತ ಸಾಗುತ್ತ ಗಟ್ಟಿಯಾಗಿ ಕೇಳಿಸುತ್ತಿತ್ತು. ಸರಿಯಾಗಿ ಹೋಗುತ್ತಿದೆಯೋ ಎಂದು ತಿಳಿಯಲು. ಮನೆಯ ತುಂಬ ಮಲ್ಹಾರಿ ಕೂಗಿದ. ನಾವು ಎಂದೂ ನೋಡದ ಊರುಗಳ ಹೆಸರು ಒಂದರ ಹಿಂದೊಂದು ಗೋಡೆಗೆ ಬಡಿದು ಬಾಗಿಲಿನಿಂದ ಹೊರಬಿದ್ದವು. ಹೊರಗೆ ಚಕ್ರ ಹಿಡಿದ ಆಳು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ, ಬಸ್ಸು ಯಾವ ಕಡೆಯಿಂದ ಬರುತ್ತದೆ ಎಂದು ಕಾಯುವವನ ಹಾಗೆ ತನ್ನ ಚೀಲ ಎತ್ತಿಕೊಂಡ. ಹಾಗಲಕಾಯಿಯ ಕಥೆ ಹೋಯಿತು, ಇಡಿಯಾಗಿ, ನಗುವಿನ ಸಮೇತ. ಕೆಮ್ಮು ಹೋಯಿತು. ಒಂದು ಇಡೀ ಮಧ್ಯಾಹ್ನದ ಗೊರಕೆ ಹೋಯಿತು. ಮಲ್ಹಾರಿ ಗೋಡೆಗೆ ಒರಗಿ ನಿಂತಿದ್ದ. ತುಟಿ ಅಲ್ಲಾಡಿಸುತ್ತಿರಲಿಲ್ಲ. ಬೇರೆ ಯಾರದೋ ಮಾತನ್ನು ಮರ್ಯಾದೆಯಿಂದ ಕೇಳುವವನ ಹಾಗೆ ಕೇಳುತ್ತಿದ್ದ.

ಬೆಳಕು ಬಾಗಿಲಿನ ಹತ್ತಿರಕ್ಕೆ ಸರಿದು, ಕೌದಿಯ ಒಂದು ಕೆಂಪು ತುಂಡಿನ ಮೇಲೆ ಮಾತ್ರ ಉಳಿದಾಗ, ಕೊನೆಯ ಫೈಲು ಶುರುವಾಯಿತು. ನೀರು ಸುರಿದ ಸದ್ದು, ಚೊಂಬು ಇಟ್ಟ ಸದ್ದು. ಬಚ್ಚಲ ಕಡೆಯಿಂದ ಬಂದಂತೆ ಮಲ್ಹಾರಿಯ ದನಿ, ಕೂಗುವ ದನಿಯಲ್ಲ, ಮನೆಯ ದನಿ:

“ಅಕ್ಕಾ, ನನ್ನ ಟವೆಲ್ ಎಲ್ಲಿಟ್ಟೀ?”

ಅಂಬಕ್ಕ ಹೊಲಿಗೆಯಿಂದ ತಲೆ ಎತ್ತಲಿಲ್ಲ. “ಕಣ್ಣ ಮುಂದ ಐತಲ್ಲೋ ಕುರುಡಾ, ಗೂಟಕ್ಕ,” ಎಂದಳು.

ಎಂದ ಮೇಲೆ ಅವಳ ಸೂಜಿ ನಿಂತಿತು.

ಮಲ್ಹಾರಿಯ ಹೆಗಲುಗಳು ಅಲುಗತೊಡಗಿದವು. ಅಳುತ್ತಿದ್ದಾನೆ ಎಂದುಕೊಂಡೆ. ಅವನು ನಗುತ್ತಿದ್ದ, ಸದ್ದಿಲ್ಲದೆ, ಗೋಡೆಗೆ ಕೈಯೂರಿ, ಕಣ್ಣಲ್ಲಿ ನೀರು ಬರುವವರೆಗೆ. ನಂತರ ನೇರವಾಗಿ ಹೋಗಿ ಗೂಟದಿಂದ ಟವೆಲ್ ತೆಗೆದು, ಮುಖ ಒರೆಸಿಕೊಂಡು, ಅದನ್ನು ಹೆಗಲ ಮೇಲೆ ಹಾಕಿಕೊಂಡು ಅಕ್ಕನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತ. ಆಳುಗಳು ಕತ್ತರಿ ಹಿಡಿದು ಒಳಗೆ ಬರಲು ಇಬ್ಬರೂ ಸ್ವಲ್ಪ ಸ್ವಲ್ಪ ಸರಿದು ದಾರಿ ಬಿಟ್ಟರು.